ಯಾರ ಬೈಬಲ್ ದೇವರದು?



ನಮ್ಮ ಕೊಕಟನೂರ, ಅಥಣಿ, ಕಾಗವಾಡ, ರಾಯಬಾಗ ಭಾಗದ ಕ್ರೈಸ್ತ ಮನೆಗಳಲ್ಲಿ ಎರಡು ಮೂರು ಬೈಬಲ್‌ಗಳು ಒಂದೇ ಕಪಾಟಿನಲ್ಲಿರುವುದು ಅಪರೂಪವಲ್ಲ. ಅಜ್ಜನ ಕಾಲದ ‘ಸತ್ಯವೇದ’ ಒಂದು, ಧರ್ಮಕೇಂದ್ರದಿಂದ ಕೊಂಡು ತಂದ ‘ಪವಿತ್ರ ಬೈಬಲ್’ ಒಂದು, ಮಿರಜಿನ ಕಡೆಯಿಂದ ಬಂದ ಸೊಸೆಯ ತವರಿನ ಮರಾಠಿ ಬೈಬಲ್ ಇನ್ನೊಂದು. ಮೂರೂ ಜಗಳವಿಲ್ಲದೆ ಒಂದೆಡೆ ಕುಳಿತಿರುತ್ತವೆ. ಜಗಳ ತರುವವರು ಹೊರಗಿನಿಂದ ಬರುತ್ತಾರೆ. ಹೆಗಲಿಗೆ ಚೀಲ ಹಾಕಿಕೊಂಡು ಬಂದ ಬೋಧಕರು ಜಗುಲಿಯ ಮೇಲೆ ಕುಳಿತು ಹೇಳುವ ಮಾತು ಸಾಮಾನ್ಯವಾಗಿ ಇದು: ‘ನಿಮ್ಮ ಬೈಬಲ್ ಕೆಡಿಸಿದ್ದು. ಅದರಲ್ಲಿ ಏಳು ಪುಸ್ತಕ ಸೇರಿಸಿದ್ದಾರೆ, ದೇವರ ಹೆಸರನ್ನೇ ಅಳಿಸಿದ್ದಾರೆ, ವಚನಗಳನ್ನು ಕಿತ್ತುಹಾಕಿದ್ದಾರೆ. ದೇವರು ಕೊಟ್ಟದ್ದು ಇದೊಂದೇ.’ ಕೇಳಿದ ನಮ್ಮ ಜನ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಕೆಲವರು ಆ ವಾರದಿಂದ ಬಲಿಪೂಜೆಗೆ ಬರುವುದನ್ನೇ ಬಿಡುತ್ತಾರೆ.

ಆ ಮಾತು ಸುಳ್ಳು. ಹಾಗೆಂದು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ.

ದೈವಪ್ರೇರಣೆ ಎಂದರೇನು? ದೇವರು ಕಿವಿಯಲ್ಲಿ ಉಸುರಿದ ಅಕ್ಷರಗಳನ್ನು ಒಬ್ಬ ಗುಮಾಸ್ತ ಬರೆದುಕೊಂಡನೆಂಬುದು ಧರ್ಮಸಭೆಯ ಬೋಧನೆಯಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಎಂಬ ಶಾಸನವು ಸ್ಪಷ್ಟಪಡಿಸಿರುವಂತೆ, ದೇವರು ಮನುಷ್ಯರನ್ನು ಆರಿಸಿಕೊಂಡು ಅವರ ಬುದ್ಧಿಶಕ್ತಿಯನ್ನು ಹಾಗೆಯೇ ಬಳಸಿಕೊಂಡರು. ಆದ್ದರಿಂದ ಆ ಮನುಷ್ಯರೂ ನಿಜವಾದ ಕರ್ತೃಗಳೇ. ನಮ್ಮ ಜೀವೋದ್ಧಾರಕ್ಕಾಗಿ ದೇವರು ತಿಳಿಸಬಯಸಿದ ಸತ್ಯವನ್ನು ಅವರ ಬರವಣಿಗೆ ತಪ್ಪಿಲ್ಲದೆ ತಲುಪಿಸುತ್ತದೆ. ಭಾಷಾಂತರಕಾರನಿಗೆ ಈ ವರ ದೊರೆತಿದೆಯೆಂದು ಧರ್ಮಸಭೆ ಎಲ್ಲಿಯೂ ಬೋಧಿಸಿಲ್ಲ. ಅವನ ಕೃತಿ ಮೂಲಕ್ಕೆ ಎಷ್ಟು ನಿಷ್ಠವೋ ಅಷ್ಟರಮಟ್ಟಿಗೆ ನಮಗೆ ದೇವರ ವಾಕ್ಯವನ್ನು ತಂದುಕೊಡುತ್ತದೆ. ಹಾಗಿರುವಾಗ ಯಾವುದೋ ಒಂದು ಮುದ್ರಣವನ್ನು ಎತ್ತಿ ಹಿಡಿದು ‘ಇದೇ ಸ್ವರ್ಗದಿಂದ ಇಳಿದದ್ದು’ ಎನ್ನುವುದು ಭಕ್ತಿಯಂತೆ ಕಂಡರೂ ಭಕ್ತಿಯಲ್ಲ.

ಮಂತ್ರದ ಒಂದು ಅಕ್ಷರವೂ, ಒಂದು ಸ್ವರವೂ ತಪ್ಪಬಾರದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಅದಕ್ಕೆ ಅದರದೇ ಗಾಂಭೀರ್ಯವಿದೆ. ಆದರೆ ಬೈಬಲ್ ಆ ಬಗೆಯ ಗ್ರಂಥವಲ್ಲ. ಯೇಸುಸ್ವಾಮಿ ಮಾತನಾಡಿದ್ದು ಅರಮಾಯಿಕ್ ಭಾಷೆಯಲ್ಲಿ. ಶುಭಸಂದೇಶಗಳು ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಅಂದರೆ ನಾವು ಓದುವ ಪ್ರಭುವಿನ ಮಾತುಗಳು ಮೊದಲ ಲಿಖಿತದಲ್ಲಿಯೇ ಬಹುಮಟ್ಟಿಗೆ ಭಾಷಾಂತರಗಳು! ‘ತಲಿಥಾ ಕೂಮ್’, ‘ಎಫ್ಫಥಾ’ ಎಂಬ ಮೂಲಪದಗಳನ್ನು ಉಳಿಸಿಕೊಂಡ ಮಾರ್ಕನು ಕೂಡಲೇ ಅವುಗಳ ಅರ್ಥವನ್ನೂ ಹೇಳುತ್ತಾನೆ. ಮತ್ತಾಯನಲ್ಲಿರುವ ಪ್ರಭುವಿನ ಪ್ರಾರ್ಥನೆಗಿಂತ ಲೂಕನದು ಚಿಕ್ಕದು. ಕಡೆಯ ಭೋಜನದಲ್ಲಿ ಪಾತ್ರೆಯನ್ನು ಎತ್ತಿಕೊಂಡು ಪ್ರಭು ಆಡಿದ ಪರಮಪವಿತ್ರ ಮಾತುಗಳೂ ಮತ್ತಾಯ, ಮಾರ್ಕ, ಲೂಕ, ಪೌಲರಲ್ಲಿ ಅಕ್ಷರಶಃ ಒಂದೇ ಆಗಿಲ್ಲ. ಪವಿತ್ರಾತ್ಮರಿಗೆ ಒಂದೇ ಅಕ್ಷರಮಾಲೆ ಬೇಕಾಗಿದ್ದರೆ ಈ ನಾಲ್ವರನ್ನು ತಿದ್ದುವುದು ಅವರಿಗೆ ಕಷ್ಟವಾಗಿತ್ತೇ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 40ನೆಯ ಕೀರ್ತನೆಯ ಹೀಬ್ರೂ ಪಾಠದಲ್ಲಿ ದೇವರು ಭಕ್ತನಿಗೆ ಕಿವಿಗಳನ್ನು ತೆರೆದ ಮಾತಿದೆ. ಹೀಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯವು ಅದೇ ವಚನವನ್ನು ಉದ್ಧರಿಸುವಾಗ ಕಿವಿಗಳಿಲ್ಲ, ದೇಹವನ್ನು ಸಿದ್ಧಪಡಿಸಿದ ಮಾತಿದೆ. ಅದು ಗ್ರೀಕ್ ಭಾಷಾಂತರದ ಪಾಠ. ದೈವಪ್ರೇರಿತ ಲೇಖಕನೇ ಭಾಷಾಂತರವೊಂದನ್ನು ಕೈಗೆತ್ತಿಕೊಂಡು ಅದರ ಮೇಲೆ ಕ್ರಿಸ್ತನ ಬಲಿಯ ಬೋಧನೆಯನ್ನು ಕಟ್ಟಿದ್ದಾನೆ. ಜಗುಲಿಯ ಬೋಧಕರು ಆತನಿಗೂ ‘ನಿನ್ನ ಬೈಬಲ್ ಕೆಟ್ಟಿದೆ’ ಎನ್ನುವರೋ ಏನೋ!

ಈ ರೋಗ ಹೊಸದಲ್ಲ. ಸಂತ ಜೆರೋಮರು ಹೀಬ್ರೂ ಮೂಲದಿಂದ ಲ್ಯಾಟಿನ್ನಿಗೆ ತಂದ ಯೋನನ ಗ್ರಂಥವನ್ನು ಉತ್ತರ ಆಫ್ರಿಕದ ಓಯಾ ಎಂಬ ಪಟ್ಟಣದ, ಅಂದರೆ ಇಂದಿನ ಟ್ರಿಪೊಲಿಯ, ಬಿಷಪರು ದೇವಾಲಯದಲ್ಲಿ ಓದಿಸಿದರು. ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರು ಜನರ ಕಿವಿಗೆ ಪರಿಚಿತವಾಗಿದ್ದುದಲ್ಲ. ದೊಡ್ಡ ಗದ್ದಲವೆದ್ದಿತು. ಸಭೆಯೇ ಕೈಬಿಟ್ಟುಹೋಗುವುದೆಂದು ಅಂಜಿದ ಬಿಷಪರು ಆ ಪದವನ್ನು ತಿದ್ದಬೇಕಾಯಿತೆಂದು ಸಂತ ಅಗಸ್ಟೀನರು 403ರ ಸುಮಾರಿಗೆ ಜೆರೋಮರಿಗೆ ಪತ್ರ ಬರೆದರು. ಹಿಂದಿನವರು ಸೋರೆಯ ಜಾತಿಯ ಬಳ್ಳಿ ಎಂದಿದ್ದರು. ಲ್ಯಾಟಿನ್ನಿನಲ್ಲಿ ಆ ಗಿಡಕ್ಕೆ ಹೆಸರೇ ಇಲ್ಲವೆಂದು ಜೆರೋಮರು ಬೇರೊಂದು ಬಳ್ಳಿಯ ಹೆಸರನ್ನು ಹಾಕಿದ್ದರು. ಅದು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲದ ಗಿಡವೆಂದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ನಿನೆವೆಯ ಮೇಲೆ ದೇವರಿಗಿದ್ದ ಕರುಣೆಯನ್ನು ಬಿಟ್ಟು ಗಿಡಕ್ಕಾಗಿ ಹೊಡೆದಾಡಿದ ಆ ಜನರಿಗೂ ನಮಗೂ ಎಷ್ಟು ದೂರ?

ಕನ್ನಡದ ಕಥೆಗೆ ಬರೋಣ. ‘ನಮ್ಮದು ಎಂದೂ ಬದಲಾಗದ ಸತ್ಯವೇದ’ ಎನ್ನುವವರು ಅದರ ಚರಿತ್ರೆಯನ್ನು ಓದಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಅವರೊಡನೆ ವಿಲಿಯಂ ರೀವ್ ಮೊದಲಾದವರು ಪಂಡಿತರ ನೆರವಿನಿಂದ ವರ್ಷಗಟ್ಟಲೆ ದುಡಿದರು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಆ ಮೇಲೆ ಬಾಸೆಲ್ ಮಿಷನ್ನಿನ ವೈಗ್ಲೆ ಮುಂತಾದವರು ಅದನ್ನು ತಿದ್ದಿದರು. ಮುಂದಿನ ತಲೆಮಾರಿನವರು ಮತ್ತೆ ತಿದ್ದಿದರು. ತಿದ್ದಿದ್ದು ತಪ್ಪಲ್ಲ, ಅದು ಅವರ ಪ್ರಾಮಾಣಿಕತೆ. ಆ ಶ್ರಮಕ್ಕೆ ಕೆಥೋಲಿಕರಾದ ನಾವೂ ಋಣಿಗಳು. ನನ್ನನ್ನು ಕೇಳಿದರೆ, ಹಳೆಯ ಸತ್ಯವೇದದ ಪ್ರವಾದಿಗಳ ಭಾಷೆಗಿರುವ ತೂಕ ನಮ್ಮ ‘ಶ್ರೀಸಾಮಾನ್ಯರ ಭಾಷಾಂತರ’ಕ್ಕೆ ಎಲ್ಲ ಕಡೆಯೂ ಒದಗಿಲ್ಲ. ಆದರೆ ಕೊಕಟನೂರಿನ ಅಜ್ಜಿಯೊಬ್ಬಳಿಗೆ ಪೌಲರ ಪತ್ರ ಅರ್ಥವಾಗಬೇಕಾದರೆ ನಾನು ಓದುವುದು ನಮ್ಮದನ್ನೇ.

ದೇವರ ಹೆಸರಿನ ಆಕ್ಷೇಪಣೆಗೆ ಉತ್ತರ ಹೇಳಬೇಕು. ಸತ್ಯವೇದದ ‘ಯೆಹೋವ’ ನಮ್ಮ ಬೈಬಲಿನಲ್ಲಿ ‘ಸರ್ವೇಶ್ವರ’, ‘ಪ್ರಭು’ ಎಂದಾಗಿದೆ, ನಿಜ. ಆದರೆ ಹೀಬ್ರೂ ಮೂಲದಲ್ಲಿರುವುದು ನಾಲ್ಕು ವ್ಯಂಜನಗಳು. ಯೆಹೂದ್ಯರು ಗೌರವದಿಂದ ಅದನ್ನು ಉಚ್ಚರಿಸದೆ ‘ಅದೋನಾಯ್’, ಅಂದರೆ ಪ್ರಭು, ಎಂದು ಓದುತ್ತಿದ್ದರು. ಈ ಪದದ ಸ್ವರಗಳನ್ನು ಆ ವ್ಯಂಜನಗಳಿಗೆ ಜೋಡಿಸಿ ಓದಿದಾಗ ಹುಟ್ಟಿದ ರೂಪವೇ ‘ಯೆಹೋವ’. ಹೊಸ ಒಡಂಬಡಿಕೆಯ ಲೇಖಕರೂ ಹಳೆಯ ವಚನಗಳನ್ನು ಉದ್ಧರಿಸುವಾಗ ಬರೆದದ್ದು ‘ಪ್ರಭು’ ಎಂದೇ. ಹೆಸರನ್ನು ಅಳಿಸಿದ ಆರೋಪವನ್ನು ಅವರ ಮೇಲೂ ಹೊರಿಸಬೇಕಾದೀತು.

ಪದಗಳ ಬಗ್ಗೆ ವಾದವೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ವಾದ ಮಾಡುವುದಾದರೆ ಪಂಡಿತಾ ರಮಾಬಾಯಿಯವರಂತೆ ಮಾಡಬೇಕು. ನಮ್ಮ ಕಾರ್ಕಳದ ಸಮೀಪದ ಮಾಳದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಆ ತಾಯಿಗೆ ಅಂದಿನ ಮರಾಠಿ ಬೈಬಲಿನ ಸಂಸ್ಕೃತಮಯ ಭಾಷೆ ಹಿಡಿಸಲಿಲ್ಲ. ಬಡ ಹೆಣ್ಣುಮಕ್ಕಳಿಗೆ ಅದು ತಿಳಿಯದೆಂಬುದು ಅವರ ಕೊರಗು. ಅವರು ಯಾರ ಜಗುಲಿಯ ಮೇಲೂ ಕುಳಿತು ಹಳಿಯಲಿಲ್ಲ. ಹೀಬ್ರೂ ಕಲಿತರು, ಗ್ರೀಕ್ ಕಲಿತರು, ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ಕುಳಿತು ಇಡೀ ಬೈಬಲನ್ನು ತಾವೇ ಭಾಷಾಂತರಿಸಿದರು. 1922ರಲ್ಲಿ ತೀರಿಕೊಂಡರು, ಪೂರ್ಣ ಗ್ರಂಥ 1924ರಲ್ಲಿ ಹೊರಬಂದಿತು. ಅವರ ಎಲ್ಲ ಪದಗಳನ್ನೂ ನಾನು ಒಪ್ಪಲಾರೆ, ‘ಸರ್ವೇಶ್ವರ’ವನ್ನು ಅವರೂ ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ, ಆದರೆ ಅದು ವಾದಿಸುವ ಯೋಗ್ಯತೆ.

ಏಳು ಪುಸ್ತಕಗಳ ವಿಷಯ ಚಿಕ್ಕದು. ತೋಬಿತ, ಯೂದಿತ, ಸುಜ್ಞಾನ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳನ್ನು ನಾವು 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಸೇರಿಸಲಿಲ್ಲ. 397ರ ಕಾರ್ಥೇಜ್ ಸಭೆಯ ಪಟ್ಟಿಯಲ್ಲಿಯೇ ಅವು ಇದ್ದವು. ಮೂಲತಃ 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಿನಲ್ಲಿಯೂ ಅವು ಪ್ರತ್ಯೇಕ ಭಾಗವಾಗಿ ಅಚ್ಚಾಗಿದ್ದವು. ಬ್ರಿಟಿಷ್ ಬೈಬಲ್ ಸೊಸೈಟಿ ಅವುಗಳ ಮುದ್ರಣಕ್ಕೆ ಹಣ ಕೊಡುವುದನ್ನು ನಿಲ್ಲಿಸಲು ತೀರ್ಮಾನಿಸಿದ್ದು 1826ರಲ್ಲಿ. ಕನ್ನಡ ಬೈಬಲ್ ಬಂದದ್ದು ಅದಾದ ಐದು ವರ್ಷಕ್ಕೆ.

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು. ಒಂದು ಕಾಲಕ್ಕೆ ಲ್ಯಾಟಿನ್ ವುಲ್ಗಾತವನ್ನು ನಾವೂ ಹೀಗೆಯೇ ಹಿಡಿದುಕೊಂಡಿದ್ದೆವು. ಟ್ರೆಂಟ್ ಮಹಾಸಭೆ ಅದನ್ನು ಅಧಿಕೃತವೆಂದದ್ದು ವಿಶ್ವಾಸ ಮತ್ತು ನೀತಿಯ ವಿಷಯಗಳಲ್ಲಿ ಅದು ತಪ್ಪುದಾರಿಗೆ ಎಳೆಯದೆಂಬ ಅರ್ಥದಲ್ಲಿ, ಮೂಲಪಾಠಕ್ಕಿಂತ ಅದು ಮೇಲೆಂದಲ್ಲ, ಎಂದು 1943ರಲ್ಲಿ ಪೋಪ್ 12ನೇ ಪಯಸ್ ಅವರು ಬಿಡಿಸಿ ಹೇಳಬೇಕಾಯಿತು. ಇಂದು ನಮ್ಮ ಅನೇಕ ಮನೆಗಳಲ್ಲಿ ಬೈಬಲಿಗೆ ಹೂವಿದೆ, ಮೇಲೆ ಹೊದಿಸಿದ ಬಟ್ಟೆಯಿದೆ, ಓದಿದ ಗುರುತಿಲ್ಲ. ಬಾಗಿಲಿಗೆ ಬಂದವರ ಸುಳ್ಳು ಬೇರೂರುವುದು ಈ ಹೊದಿಕೆಯ ಕೆಳಗೆ.

ಮುಂದಿನ ಸಲ ಅವರು ಬಂದು, ಮತ್ತಾಯ 17ನೆಯ ಅಧ್ಯಾಯದ 21ನೆಯ ವಚನ ಅನೇಕ ಹೊಸ ಭಾಷಾಂತರಗಳಲ್ಲಿ ಇಲ್ಲವೆಂದು ಬೆರಳಿಟ್ಟು ತೋರಿಸಿದರೆ ಗಾಬರಿಯಾಗಬೇಡಿ. ಅತಿ ಪ್ರಾಚೀನವಾದ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ವಚನವಿಲ್ಲ. ಮಾರ್ಕನಲ್ಲಿರುವ ಮಾತನ್ನು ಲಿಪಿಕಾರನೊಬ್ಬ ಮತ್ತಾಯನಿಗೂ ತಂದಿಟ್ಟಂತೆ ಕಾಣುತ್ತದೆ. ಚಹಾ ಕೊಟ್ಟು ಕೂಡಿಸಿರಿ. ನಿಮ್ಮ ಬೈಬಲನ್ನೇ ಅವರ ಕೈಗಿತ್ತು, ಮಾರ್ಕ 9ನೆಯ ಅಧ್ಯಾಯದ 29ನೆಯ ವಚನವನ್ನು ಗಟ್ಟಿಯಾಗಿ ಓದಿರೆಂದು ಕೇಳಿರಿ.