ಹಿಂದಿನ ಸೀಟಲ್ಲಿ ಅಜ್ಜಿನ ಕೂರಿಸಿ ನೋಡಿದ್ರಾ?

ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 260ರ ಆಸುಪಾಸು. ಮೊಣಕಾಲಿನ ಡಾಕ್ಟರು, ಹಾರ್ಟಿನ ಡಾಕ್ಟರು ಅಂತ ಮನೆಯ ಹಿರಿಯರನ್ನು ಮೈಸೂರಿಗೆ ಕರೆದುಕೊಂಡು ಹೋದರೆ, ಹೋಗಿ ಬರುವಷ್ಟರಲ್ಲಿ ಐದಾರು ಗಂಟೆ ಅವರು ಕಾರಿನ ಹಿಂದಿನ ಸೀಟಿನಲ್ಲೇ ಕಳೆಯುತ್ತಾರೆ. ಕಾರು ಬುಕ್ ಮಾಡುವ ನಾವು ಮಾತ್ರ ಬೆಂಗಳೂರಿನ ಶೋರೂಮಿನಲ್ಲಿ ಸ್ಟೇರಿಂಗ್ ಹಿಡಿದು ಕೂತು, ‘ಸೂಪರ್ ಇದೆ’ ಅಂತ ಅಡ್ವಾನ್ಸ್ ಕೊಟ್ಟು ಬರ್ತೀವಿ.

ಮೊದಲು ಇದು ಅಂಥ ದೊಡ್ಡ ವಿಷಯ ಆಗಿರಲಿಲ್ಲ. ಕೂಪೆ ಅಂದರೆ ಎರಡು ಬಾಗಿಲಿನ, ಸಿನಿಮಾದಲ್ಲಿ ನೋಡುವ ಕಾರು. ಮನೆಗೆ ತರುವ ಮಾತೇ ಇರಲಿಲ್ಲ. 2024ರಲ್ಲಿ ಟಾಟಾ ಕರ್ವ್ ಮತ್ತು ಸಿಟ್ರೊಯೆನ್ ಬಸಾಲ್ಟ್ ಬಂದ ಮೇಲೆ ‘ಕೂಪೆ ಎಸ್‌ಯುವಿ’ ನಮ್ಮ ಬಜೆಟ್ಟಿಗೂ ಇಳಿಯಿತು. ಕೂಪೆ ಫ್ರೆಂಚ್ ಪದ, ‘ಕತ್ತರಿಸಿದ್ದು’ ಅಂತ ಅರ್ಥ. ಕುದುರೆ ಸಾರೋಟಿನ ಕಾಲದಲ್ಲಿ ಎದುರುಬದುರು ಇದ್ದ ಸೀಟುಗಳಲ್ಲಿ ಒಂದು ಸಾಲನ್ನು ಕತ್ತರಿಸಿ ಗಿಡ್ಡ ಮಾಡಿದ ಗಾಡಿಗೆ ಆ ಹೆಸರು ಬಂತು. ಈಗಿನ ಕಾರಿನಲ್ಲಿ ಕತ್ತರಿ ಬಿದ್ದಿರೋದು ಹಿಂದಿನ ರೂಫಿಗೆ.

ಬ್ರೋಷರ್ ಓದಿದರೆ ಕೂಪೆಯೇ ದೊಡ್ಡದು ಅನ್ನಿಸುತ್ತೆ. ಕರ್ವ್‌ನ ಬೂಟ್ 500 ಲೀಟರ್, ಬಸಾಲ್ಟ್‌ದು 470, ನೆಟ್ಟಗೆ ನಿಂತ ಕ್ರೆಟಾದ್ದು 433. ಚಕ್ರದಿಂದ ಚಕ್ರಕ್ಕೆ ಅಳೆಯುವ ವೀಲ್‌ಬೇಸ್‌ನಲ್ಲೂ ಬಸಾಲ್ಟ್ 2651 ಮಿಲಿಮೀಟರ್, ಕ್ರೆಟಾ 2610. ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ಉದ್ದದ ಲೆಕ್ಕ ಹೇಳುತ್ತವೆ, ಕೂತವರ ತಲೆಯ ಮೇಲೆ ಏನಿದೆ ಅಂತ ಹೇಳೋದಿಲ್ಲ. ಬೂಟ್‌ನ ಲೀಟರನ್ನೂ ಸಾಮಾನ್ಯವಾಗಿ ಹಿಂದಿನ ಟ್ರೇ ಮಟ್ಟದವರೆಗೆ ಮಾತ್ರ ಅಳೆಯುತ್ತಾರೆ. ಕೂಪೆಯಲ್ಲಿ ಗಾಜು ಸಮೇತ ಬಾಗಿಲು ಮೇಲೇಳುವುದರಿಂದ ಸೂಟ್‌ಕೇಸು, ಕಿತ್ತಳೆ ಚೀಲ ತುಂಬೋದು ಸುಲಭ; ಹಲಸಿನಹಣ್ಣಿನ ಮೇಲೊಂದು ಹಲಸಿನಹಣ್ಣು ಇಟ್ಟಿರೋ, ಇಳಿಜಾರಿನ ಗಾಜು ಮುಚ್ಚೋದಿಲ್ಲ.

ನಿಜವಾದ ವ್ಯತ್ಯಾಸ ಇರೋದು ಸೀಟಿನಲ್ಲಿ. ರೂಫ್ ಹಿಂದಕ್ಕೆ ಇಳಿದಾಗ ತಲೆಗೆ ಜಾಗ ಉಳಿಸಲು ಕಂಪನಿಯವರಿಗೆ ಇರುವ ಮುಖ್ಯ ದಾರಿ ಎರಡು: ಸೀಟನ್ನು ಕೆಳಗಿಳಿಸಬೇಕು, ಇಲ್ಲ ಬೆನ್ನಿನ ಭಾಗವನ್ನು ಹಿಂದಕ್ಕೆ ಒರಗಿಸಬೇಕು. ಸೀಟು ಇಳಿದರೆ ಮೊಣಕಾಲು ಸೊಂಟಕ್ಕಿಂತ ಮೇಲೇಳುತ್ತೆ, ತೊಡೆ ಕುಶನ್ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತೆ, ಇಡೀ ಭಾರ ಸೊಂಟದ ಮೇಲೆ. ಇಪ್ಪತ್ತೈದರ ವಯಸ್ಸಿಗೆ ಇದು ಗೊತ್ತೇ ಆಗಲ್ಲ. ಎಪ್ಪತ್ತರ ಅಜ್ಜಿಗೆ ಹುಣಸೂರು ಬರುವಷ್ಟರಲ್ಲಿ ಗೊತ್ತಾಗುತ್ತೆ. ಪಾಪ, ಬಾಯಿಬಿಟ್ಟು ಹೇಳಲ್ಲ, ‘ಒಂದು ಕಾಫಿಗೆ ನಿಲ್ಲಿಸು ಮಗ’ ಅಂತಾರೆ ಅಷ್ಟೆ. ಬಸಾಲ್ಟ್‌ನ ಮೇಲಿನ ದರ್ಜೆಯ ಮಾಡೆಲ್‌ಗಳಲ್ಲಿ ಹಿಂದಿನ ಸೀಟಿನ ತೊಡೆಯ ಭಾಗವನ್ನು ಎತ್ತರಿಸುವ ಸೌಲಭ್ಯ ಕೊಟ್ಟಿರೋದು ಈ ತೊಂದರೆಗೇ ಮದ್ದು. ಒಳ್ಳೆಯ ಯೋಚನೆ, ಬೇರೆಯವರೂ ಕಲಿಯಬೇಕು.

ಹತ್ತೋದು, ಇಳಿಯೋದು ಇನ್ನೊಂದು ಕಥೆ. ಎಸ್‌ಯುವಿಯ ಸೀಟು ಹೆಚ್ಚುಕಡಿಮೆ ಸೊಂಟದ ಮಟ್ಟದಲ್ಲಿದ್ದರೆ ಕುರ್ಚಿಗೆ ಕೂತ ಹಾಗೆ ಕೂರಬಹುದು. ಕೂಪೆಯಲ್ಲಿ ಹಿಂದಿನ ಬಾಗಿಲಿನ ಮೇಲಂಚೂ ಇಳಿದಿರುತ್ತೆ, ತಲೆ ತಗ್ಗಿಸಿ ನುಸುಳಬೇಕು. ಜುಲೈ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಊರುಗೋಲು ಹಿಡಿದು ಇದನ್ನು ಮಾಡೋದು ಊಹಿಸಿಕೊಳ್ಳಿ. ಮದುವೆ ದಿನವಂತೂ ಕೇಳಬೇಡಿ: ಕುಪ್ಯದ ಮೇಲೆ ಮಂಡೆತುಣಿ ಸುತ್ತಿಕೊಂಡ ಮಾವ, ನೆರಿಗೆ ಹಿಂದಕ್ಕೆ ಬರುವ ಕೊಡವ ಸೀರೆಯ ಅತ್ತೆ. ಕರ್ವ್ ಡಿಸೈನ್ ಮಾಡಿದವರ ಕಣ್ಣ ಮುಂದೆ ಇವರಿಬ್ಬರೂ ಇದ್ದ ಹಾಗೆ ಕಾಣಲ್ಲ.

ಹಾಗಂತ ಎಸ್‌ಯುವಿ ಎಂಬ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ. ನಮ್ಮೂರಲ್ಲಿ ಎಲ್ಲರಿಗೂ ಇಷ್ಟವಾದ ಮೂರು ಬಾಗಿಲಿನ ಥಾರ್‌ನಲ್ಲಿ ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರಬೇಕು, ಅದೂ ಇಬ್ಬರಿಗೆ ಮಾತ್ರ ಜಾಗ. ಆ ಲೆಕ್ಕದಲ್ಲಿ ಅದೇ ನಿಜವಾದ ಕೂಪೆ! ಐದು ಬಾಗಿಲಿನ ರಾಕ್ಸ್ ಬಂದ ಮೇಲಷ್ಟೇ ಥಾರ್ ಮನೆಮಂದಿಯ ಗಾಡಿ ಆಯ್ತು.

ತಿರುವುಗಳಲ್ಲಿ ಕೂಪೆ ಕಡೆಗೂ ಒಂದು ಮಾತಿದೆ. ಎತ್ತರದ ಗಾಡಿ ಸಂಪಾಜೆ ಘಾಟಿಯಲ್ಲಿ ಜಾಸ್ತಿ ವಾಲುತ್ತೆ. ಅಗಲವಾದ ಚಪ್ಪಟೆ ಸೀಟಿನಲ್ಲಿ ಹಿಂದೆ ಕೂತ ಇಬ್ಬರು ಆ ಕಡೆ ಈ ಕಡೆ ಜಾರುತ್ತಾ ಹೋಗ್ತಾರೆ. ತಗ್ಗಿನ ಸೀಟು ಮೈಯನ್ನು ಹಿಡಿದಿಡುತ್ತೆ. ಆದರೆ ವಾಂತಿ ಮಾಡುವ ಮಕ್ಕಳಿದ್ದರೆ ಕಿಟಕಿ ನೋಡಿ. ಒಳಕಿವಿಗೆ ತಿರುವು ಗೊತ್ತಾಗಿ, ಕಣ್ಣಿಗೆ ಮುಂದಿನ ಸೀಟಿನ ಬೆನ್ನು ಮಾತ್ರ ಕಂಡರೆ ಹೊಟ್ಟೆ ತೊಳಸುತ್ತೆ. ಕೂಪೆಯಲ್ಲಿ ಹಿಂದಿನ ಕಿಟಕಿ ಹಿಂದಕ್ಕೆ ಹೋದಂತೆ ಕಿರಿದಾಗುತ್ತೆ, ರಸ್ತೆ ಕಾಣೋದು ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ವಾರದಲ್ಲಿ ಐದು ದಿನ ಒಬ್ಬರೇ ಓಡಿಸುವವರು, ಮನೆಯಲ್ಲಿ ಹಿರಿಯರು ಒಬ್ಬರೇ ಇದ್ದರೆ, ಕೂಪೆ ಧೈರ್ಯವಾಗಿ ತಗೊಳ್ಳಿ. ಅದರ ಮುಂದಿನ ಸೀಟಿಗೆ ಯಾವ ಕೊರತೆಯೂ ಇಲ್ಲ. ಅಜ್ಜಿನ ಅಲ್ಲಿ ಕೂರಿಸಿ. ಮುಂದಿನ ಸೀಟು ಗಂಡಸರದ್ದು ಅನ್ನೋ ಬರೆಯದ ಕಾನೂನು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇದೆ, ಅದನ್ನು ಮುರಿಯೋಕೆ ಇದೂ ಒಂದು ನೆಪ. ಹಿಂದೆ ಇಬ್ಬರು ಹಿರಿಯರು ನಿಯಮಿತವಾಗಿ ಕೂರ್ತಾರೆ ಅಂದರೆ ನೆಟ್ಟಗಿನ ರೂಫಿನ ಗಾಡಿಯೇ ಸರಿ.

ಶೋರೂಮಿಗೆ ಅವರನ್ನೂ ಕರೆದುಕೊಂಡು ಹೋಗಿ. ಹಿಂದೆ ಕೂರಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದೆಯಾ, ತೊಡೆಯ ಅಡಿ ನಿಮ್ಮ ಅಂಗೈ ಸಲೀಸಾಗಿ ನುಗ್ಗುತ್ತಾ, ತಲೆಗೂ ರೂಫಿಗೂ ನಡುವೆ ಒಂದು ಮುಷ್ಟಿ ಹಿಡಿಸುತ್ತಾ ನೋಡಿ. ಅಂಗೈ ನುಗ್ಗಿದರೆ ತೊಡೆಗೆ ಆಸರೆ ಸಾಲದು ಅಂತ ಲೆಕ್ಕ. ಸೇಲ್ಸ್‌ನವರು ಐದು ನಿಮಿಷಕ್ಕೆ ‘ಓಕೆ ಸರ್?’ ಅಂತಾರೆ. ಅರ್ಧ ಗಂಟೆಯ ಟೆಸ್ಟ್ ಡ್ರೈವ್ ಕೇಳಿ, ಓಡಿಸೋಕೆ ಅವರಿಗೇ ಕೊಟ್ಟು, ನೀವು ಅಜ್ಜಿಯ ಪಕ್ಕ ಹಿಂದೆ ಕೂತ್ಕೊಳ್ಳಿ.