ಕಾವಲು ಕೋಟೆಗೆ ಮಾತ್ರ ಸಾಲದು

2024ನೆಯ ಇಸವಿ ಸೆಪ್ಟೆಂಬರ್ 10ರಂದು ದಿಲ್ಲಿಯಲ್ಲಿ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಸಂಸ್ಥಾಪನಾ ದಿನದ ಸಭೆ ನಡೆಯಿತು. ಗುಜರಾತಿನ ಗಾಂಧಿನಗರದಿಂದ ಲೋಕಸಭೆಗೆ ಆರಿಸಿ ಬಂದ ಕೇಂದ್ರ ಗೃಹಮಂತ್ರಿ ಶ್ರೀ ಅಮಿತ್ ಶಾ ಅವರು ಅಲ್ಲಿ ಮಾತನಾಡುತ್ತಾ, ಸೈಬರ್ ಭದ್ರತೆಯನ್ನು ಬಿಟ್ಟು ರಾಷ್ಟ್ರದ ಭದ್ರತೆ ಇಲ್ಲವೆಂಬ ಅಭಿಪ್ರಾಯವನ್ನು ಸಾರಿದರು. ಐದು ವರ್ಷಗಳಲ್ಲಿ ಐದು ಸಾವಿರ ಮಂದಿ ಸೈಬರ್ ಕಮಾಂಡೋಗಳನ್ನು ತಯಾರು ಮಾಡುವುದು, ಮೋಸಕ್ಕೆ ಬಳಕೆಯಾದವರ ಗುರುತಿನ ಪಟ್ಟಿಯನ್ನಿಡುವುದು, ಬ್ಯಾಂಕು, ಪೊಲೀಸು, ದೂರವಾಣಿ ಕಂಪೆನಿ ಎಲ್ಲರೂ ಒಂದೇ ಸೂರಿನಡಿ ಕುಳಿತು ಕೆಲಸ ಮಾಡುವುದು, ಇವು ಅಂದು ಮುಂದಿಟ್ಟ ಕಾರ್ಯಕ್ರಮಗಳು. ಅದಕ್ಕೆ ಒಂದು ವರ್ಷ ಮೊದಲು, 2023ರ ಆಗಸ್ಟಿನಲ್ಲಿ, ಹಳ್ಳಿಹಳ್ಳಿಗೂ ಅಂತರ್ಜಾಲದ ತಂತಿಯನ್ನು ಮುಟ್ಟಿಸುವ ಭಾರತ್‌ನೆಟ್ ಯೋಜನೆಯ ಮುಂದಿನ ಹಂತಕ್ಕೆ ಕೇಂದ್ರ ಸರಕಾರ 1,39,579 ಕೋಟಿ ರೂಪಾಯಿ ಮಂಜೂರು ಮಾಡಿತ್ತು.

ಎರಡೂ ಆಗಬೇಕಾದ ಕೆಲಸಗಳೇ. ಯಾವ ಪಕ್ಷದವರು ಮಾಡಿದರೂ ನಾವು ಅದನ್ನು ಸ್ವಾಗತಿಸುತ್ತೇವೆ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ಬೀಗ ಜಡಿದಾಗ, ಅಲ್ಲಿನವರು ಎಷ್ಟೋ ದಿನ ಚೀಟಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ಅಂದು ಸರದಿಯಲ್ಲಿ ನಿಂತು ಬವಣೆಪಟ್ಟವರು ಬಡವರೇ. ಆದುದರಿಂದ ಕೋಟೆಗೆ ಕಾವಲು ಬೇಡವೆಂದು ಯಾರೂ ಹೇಳಲಾರರು. ಆದರೆ ಕೋಟೆಯ ಹೊರಗೆ ಗುಡಿಸಲಿನಲ್ಲಿರುವವನ ಬಾಗಿಲನ್ನು ಕಾಯುವವರು ಯಾರು? ಈ ಪ್ರಶ್ನೆಯನ್ನು ಕೇಳುವುದು ನಮ್ಮ ಕರ್ತವ್ಯವಾಗಿದೆ.

ಇದೆಲ್ಲ ದೊಡ್ಡವರ ವಿಚಾರ, ಹೋಟೆಲಿನಲ್ಲಿ ಮೇಜು ಒರೆಸುವ ನಮಗೇನು ಎಂದು ಕೇಳುವ ಗೆಳೆಯರಿದ್ದಾರೆ. ಅವರು ತಮ್ಮ ಕಿಸೆಯನ್ನೇ ಒಮ್ಮೆ ಮುಟ್ಟಿ ನೋಡಿಕೊಳ್ಳಲಿ. ಹಿಂದೆ ಸಂಬಳ ಗಲ್ಲಾದಿಂದ ನೋಟಿನ ರೂಪದಲ್ಲಿ ಬರುತ್ತಿತ್ತು. ಊರಿಗೆ ಹೋಗುವ ಮನಿಆರ್ಡರಿಗೆ ಅಂಚೆಯವನ ಸಾಕ್ಷಿಯಿತ್ತು. ಈಗ ಸಂಬಳ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಗಿರಾಕಿ ಕೊಡುವ ಟಿಪ್ಸು ಕೂಡ ಫೋನಿನ ಮೇಲೆಯೇ ಬರುತ್ತದೆ. ಭವಿಷ್ಯನಿಧಿ, ರೇಷನ್ ಕಾರ್ಡು, ಇ-ಶ್ರಮ್ ಗುರುತು, ಮಕ್ಕಳ ಶಾಲೆಯ ಅರ್ಜಿ, ಎಲ್ಲವೂ ಆ ಒಂದು ಗಾಜಿನ ಹಲಗೆಯೊಳಗೆ ಸೇರಿಕೊಂಡಿವೆ. ಶೇಠನ ಹಣಕ್ಕೆ ತಿಜೋರಿ ಇದೆ, ಲೆಕ್ಕ ನೋಡುವವರಿದ್ದಾರೆ, ವಕೀಲರಿದ್ದಾರೆ. ನಮ್ಮ ತಿಜೋರಿ, ಗುಮಾಸ್ತ, ಪೆಟ್ಟಿಗೆ ಎಲ್ಲವೂ ಒಂದು ಫೋನು. ಅದು ಕೆಟ್ಟರೆ ನಾವು ಕೆಟ್ಟೆವು.

ಈಚೆಗೆ ನಮ್ಮ ಸಂಘಕ್ಕೆ ಬಂದ ಒಂದು ಪ್ರಕರಣವನ್ನು ಓದುಗರ ಮುಂದಿಡುತ್ತೇವೆ. ಆಲ್ಕಾಪುರಿಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿಯುವ ಹುಡುಗ, ಬೈಂದೂರಿನ ಕಡೆಯವನು. ಒಂದು ರಾತ್ರಿ ಊಟಕ್ಕೆ ಬಂದ ಗಿರಾಕಿಯೊಬ್ಬ, “ಭಾಯಿ, ಕೈಯಲ್ಲಿ ನಗದು ಇಲ್ಲ, ಎರಡು ಸಾವಿರ ಕೊಡು, ಫೋನಿನಲ್ಲಿ ಹಾಕುತ್ತೇನೆ” ಎಂದ. ಹುಡುಗ ನಂಬಿ ಕೊಟ್ಟ. ಹಣ ಖಾತೆಗೆ ಬಂತು. ಹದಿನೆಂಟು ದಿನ ಕಳೆದ ಮೇಲೆ ಅವನ ಖಾತೆಗೆ ತಡೆ ಬಿತ್ತು. ಆ ಎರಡು ಸಾವಿರ, ಬೇರೊಂದು ರಾಜ್ಯದಲ್ಲಿ ಯಾರೋ ವೃದ್ಧರನ್ನು ವಂಚಿಸಿ ಎತ್ತಿದ ಹಣದ ಒಂದು ತುಣುಕಂತೆ! ಖಾತೆಯಲ್ಲಿ ಅವನ ಆ ತಿಂಗಳ ಪೂರಾ ಸಂಬಳವಿತ್ತು. ಬ್ಯಾಂಕಿಗೆ ಹೋದರೆ, ಆ ರಾಜ್ಯದ ಪೊಲೀಸರನ್ನು ಕೇಳು ಎಂದರು. ಪೊಲೀಸರಿಗೆ ಫೋನು ಮಾಡಿದರೆ, ಖುದ್ದಾಗಿ ಬಾ ಎಂದರು. ಹೋಗಿಬರುವ ರೈಲಿನ ಖರ್ಚು ತಡೆಬಿದ್ದ ಹಣಕ್ಕಿಂತಲೂ ಹೆಚ್ಚು. ಊರಿನಲ್ಲಿ ತಾಯಿಯ ಔಷಧಕ್ಕೆ ಕಳುಹಿಸಬೇಕಾದ ದುಡ್ಡನ್ನು ಅವನು ಅಡುಗೆಯ ಭಟ್ಟರಿಂದ ಕೈಗಡ ತಂದ. ಸಂಘದ ಕಾಗದದ ಮೇಲೆ ಅರ್ಜಿ ಬರೆದು, ಗಿರಾಕಿಯ ಊಟದ ಬಿಲ್ಲಿನ ನಕಲು ಜೋಡಿಸಿ, ಮತ್ತೆ ಮತ್ತೆ ಕಳುಹಿಸಿದ ಮೇಲೆ ಎಪ್ಪತ್ತೊಂದನೆಯ ದಿನ ತಡೆ ಬಿಟ್ಟಿತು.

ಈ ಹುಡುಗ ಮಾಡಿದ ಅಪರಾಧವೇನು? ಕಳ್ಳನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಕಳ್ಳ ತಪ್ಪಿಸಿಕೊಂಡ, ಮಾಣಿ ಸಿಕ್ಕಿಬಿದ್ದ. ಎರಡು ಸಾವಿರದ ತಂಟೆಗೆ ಪೂರಾ ಸಂಬಳವನ್ನೇ ಕಟ್ಟಿಹಾಕುವುದು ಯಾವ ನ್ಯಾಯ? ಗುಜರಾತಿನ ಗೃಹಖಾತೆಯವರು 2024ರಲ್ಲಿ, ಇಂಥ ಪ್ರಕರಣಗಳಲ್ಲಿ ತಂಟೆಯ ಹಣವನ್ನಷ್ಟೇ ತಡೆಯಬೇಕು, ಇಡೀ ಖಾತೆಯನ್ನು ಮುಚ್ಚಬಾರದು ಎಂಬ ನೀತಿಯನ್ನು ಪ್ರಕಟಿಸಿದರು. ಒಳ್ಳೆಯ ಮಾತು. ಅದು ದೇಶದ ಪ್ರತಿಯೊಂದು ಠಾಣೆಯಲ್ಲೂ, ಪ್ರತಿಯೊಂದು ಬ್ಯಾಂಕಿನ ಕಿಟಕಿಯಲ್ಲೂ ಆಚರಣೆಗೆ ಬರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡದಂತೆ ಆಗಬಾರದು.

ಪರರ ತಪ್ಪನ್ನು ಹೇಳಿದ ಮೇಲೆ ನಮ್ಮವರ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಕಾರ್ಮಿಕರು ಮಲಗುವ ಕೋಣೆಗಳಿಗೆ ರಾತ್ರಿ ದಲ್ಲಾಳಿಗಳು ಬರುತ್ತಾರೆ. “ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು. ಕೂತಲ್ಲೇ ತಿಂಗಳಿಗೆ ಇಷ್ಟು ಕೊಡುತ್ತೇವೆ” ಎನ್ನುತ್ತಾರೆ. ಆಸೆಬಿದ್ದು ಕೊಟ್ಟವರು ನಮ್ಮಲ್ಲೂ ಇದ್ದಾರೆ. ಹೀಗೆ ಬಾಡಿಗೆಗೆ ಹೋದ ಖಾತೆಯ ಮೂಲಕವೇ ಕದ್ದ ಹಣ ಹರಿಯುತ್ತದೆ. ಪೊಲೀಸರು ಬಂದಾಗ ದಲ್ಲಾಳಿಯ ಹೆಸರು ಎಲ್ಲಿಯೂ ಇರುವುದಿಲ್ಲ. ಖಾತೆಯ ಮೇಲಿನ ಹೆಸರು ನಮ್ಮವನದು, ಫೋಟೋ ನಮ್ಮವನದು, ಕೈಕೋಳವೂ ನಮ್ಮವನಿಗೇ. ಖಾತೆಯನ್ನು ಬಾಡಿಗೆಗೆ ಕೊಡುವುದೆಂದರೆ ಮನೆಯ ಬೀಗದ ಕೈಯನ್ನು ಕಳ್ಳನಿಗೆ ಕೊಟ್ಟು, ಕಳವಿನ ಮಾಲಿನ ಮೇಲೆ ತನ್ನ ಹೆಸರು ಬರೆದಿಟ್ಟಂತೆ. ಈ ಕೆಲಸವನ್ನು ತಿಳಿದೂ ಮಾಡುವ ಸದಸ್ಯನ ಪರವಾಗಿ ನಮ್ಮ ಸಂಘ ನಿಲ್ಲಲಾರದು. ಇದನ್ನು ಇಂದೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ.

ಆಲ್ಕಾಪುರಿಯ ದೊಡ್ಡ ಹೋಟೆಲುಗಳ ಸಾಲಿರುವ ರಸ್ತೆಗೆ ಆರ್. ಸಿ. ದತ್ತರ ಹೆಸರಿದೆ. ದಿನವೂ ಆ ಹೆಸರಿನ ಫಲಕದ ಕೆಳಗೆ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಪರಿಚಯವಿದೆ? ರಮೇಶಚಂದ್ರ ದತ್ತರು ಬರೋಡಾ ಸಂಸ್ಥಾನದ ದಿವಾನರಾಗಿದ್ದು 1909ರಲ್ಲಿ ಇಲ್ಲಿಯೇ ತೀರಿಕೊಂಡರು. ಬ್ರಿಟಿಷರ ಕಾಲದಲ್ಲಿ ಈ ದೇಶದ ಸಂಪತ್ತು ಹೇಗೆ ಸೋರಿ ಹೊರಗೆ ಹೋಯಿತೆಂಬುದನ್ನು ಲೆಕ್ಕಹಾಕಿ ಬರೆದ ಪಂಡಿತರು ಅವರು. ಇಂದು ಇನ್ನೊಂದು ಬಗೆಯ ಸೋರಿಕೆ ನಡೆದಿದೆ. ಸರಕಾರವೇ ಪಾರ್ಲಿಮೆಂಟಿಗೆ ಕೊಟ್ಟ ಲೆಕ್ಕದಂತೆ, ಸೈಬರ್ ವಂಚನೆಯಿಂದ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ ಮೂರು ಪಟ್ಟು! ಇದರಲ್ಲಿ ದೊಡ್ಡ ಪಾಲು ಕಡಲಾಚೆಗೆ ಹೋಗುತ್ತದೆ.

ಆಚೆಯ ತುದಿಯಲ್ಲಿ ಕುಳಿತವರು ಯಾರು? ಇಲ್ಲಿಯೂ ಕಾರ್ಮಿಕನ ಕಥೆಯೇ ಇದೆ. ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳದ ಕೆಲಸವೆಂದು ನಂಬಿ ಹೋದ ಭಾರತದ ಹುಡುಗರನ್ನು ಮ್ಯಾನ್ಮಾರಿನ ಗಡಿಯೊಳಗೆ ಸಾಗಿಸಿ, ಪಾಸ್‌ಪೋರ್ಟು ಕಿತ್ತುಕೊಂಡು, ಬೇಲಿಯೊಳಗೆ ಕೂಡಿಹಾಕಿ, ತಮ್ಮ ದೇಶದವರಿಗೇ ಮೋಸದ ಫೋನು ಮಾಡಿಸುತ್ತಿದ್ದರು. 2025ರ ಮಾರ್ಚಿನಲ್ಲಿ ಅಂಥ ಐನೂರಕ್ಕೂ ಹೆಚ್ಚು ಮಂದಿಯನ್ನು ನಮ್ಮ ವಾಯುಸೇನೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ವಿದೇಶದ ಹೋಟೆಲಿನಲ್ಲಿ ಕೆಲಸವಿದೆ ಎಂದು ಫೋನಿನಲ್ಲಿ ಬರುವ ಜಾಹೀರಾತನ್ನು ನಂಬಿ ಹೊರಡುವ ಮೊದಲು ನಮ್ಮ ತರುಣರು ಒಮ್ಮೆ ಸಂಘದಲ್ಲಿ ವಿಚಾರಿಸಲಿ. ಸರಕಾರವು ಮೋಸಗಾರರನ್ನು ಹಿಡಿಯುವುದರ ಜತೆಗೆ ಈ ದಲ್ಲಾಳಿಗಳ ಜಾಲವನ್ನೂ ಕಡಿಯಬೇಕು.

ಇನ್ನು ಅಂತರ್ಜಾಲವನ್ನು ಎಲ್ಲರಿಗೂ ಮುಟ್ಟಿಸುವ ಮಾತು. ಬರೋಡಾದ ಸಯಾಜಿರಾವ್ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದರು. ಓದು ಕಲಿತವನಿಗೆ ಓದಲು ಪುಸ್ತಕ ಸಿಗದಿದ್ದರೆ ಕಲಿತದ್ದೂ ಮರೆಯುತ್ತದೆಂದು ತಿಳಿದು, 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ ಊರೂರಿಗೆ ಪುಸ್ತಕ ಭಂಡಾರಗಳನ್ನು ಏರ್ಪಡಿಸಿದರು. ದೂರದ ಹಳ್ಳಿಗೆ ಪುಸ್ತಕದ ಪೆಟ್ಟಿಗೆಗಳು ಹೋಗುತ್ತಿದ್ದವು. ನಮ್ಮ ಹಿರಿಯರಲ್ಲಿಯೂ ಎಷ್ಟೋ ಮಂದಿ ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ವಿದ್ಯೆಯನ್ನು ಬಡವನ ಬಳಿಗೆ ಒಯ್ಯಬೇಕೆಂಬ ಆ ಬುದ್ಧಿ ಅಂತರ್ಜಾಲದ ವಿಷಯದಲ್ಲಿಯೂ ಬೇಕು. ತಂತಿ ಹಳ್ಳಿಯ ಪಂಚಾಯತಿಯ ಬಾಗಿಲಿಗೆ ಬಂದು ನಿಂತರೆ ಸಾಲದು. ಅದನ್ನು ಬಳಸಲು ಕಲಿಸುವವರು ಬೇಕು. ಅವನ ಭಾಷೆಯಲ್ಲಿ ಬರೆದಿರಬೇಕು. 2020ರ ಡಿಸೆಂಬರಿನಲ್ಲಿ ಸರಕಾರ ಒಪ್ಪಿದ ಪಿಎಂ-ವಾಣಿ ಎಂಬ ಯೋಜನೆಯಂತೆ ಒಬ್ಬ ಚಹಾದಂಗಡಿಯವನೂ ಲೈಸೆನ್ಸಿಲ್ಲದೆ, ಅದಕ್ಕೆ ಶುಲ್ಕವಿಲ್ಲದೆ, ಜನರಿಗೆ ವೈಫೈ ಒದಗಿಸಬಹುದು. ಹೋಟೆಲಿನ ಧಣಿಗಳು ಇದನ್ನು ಗಮನಿಸಲಿ. ಗಿರಾಕಿಗೆ ಪುಕ್ಕಟೆ ವೈಫೈ ಇರುವಲ್ಲಿ, ಮಾಳಿಗೆಯ ಮೇಲೆ ಮಲಗುವ ಕೆಲಸಗಾರನಿಗೇಕೆ ಇರಬಾರದು?

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೌಕರ್ಯವು ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನೊಳಗೇ ಸೇರಿದೆಯೆಂದು ತೀರ್ಪು ಕೊಟ್ಟಿತು. ಹಕ್ಕು ಎಂದ ಮೇಲೆ ಅದನ್ನು ಸುಲಭವಾಗಿ ಕಿತ್ತುಕೊಳ್ಳಬಾರದು. 2015ರ ಆಗಸ್ಟಿನಲ್ಲಿ ಪಾಟೀದಾರ ಚಳವಳಿಯ ಕಾಲಕ್ಕೆ ಗುಜರಾತಿನಲ್ಲಿ ಮೊಬೈಲ್ ಅಂತರ್ಜಾಲವನ್ನು ದಿನಗಟ್ಟಲೆ ನಿಲ್ಲಿಸಲಾಗಿತ್ತು. ಇಂದು ಹಾಗೆ ನಿಲ್ಲಿಸಿದರೆ ಅಂದಂದಿನ ಕೂಲಿಯೂ ನಿಲ್ಲುತ್ತದೆ.

ಕಾವಲಿನ ಹೆಸರಿನಲ್ಲಿ ಇಣುಕುವುದೂ ಬೇಡ. 2025ರ ನವೆಂಬರಿನಲ್ಲಿ, ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಎಂಬ ಸರಕಾರಿ ಆ್ಯಪನ್ನು ಮೊದಲೇ ಹಾಕಿಡಬೇಕೆಂದು ಕಂಪೆನಿಗಳಿಗೆ ಆಜ್ಞೆಯಾಯಿತು. ಜನ ಆಕ್ಷೇಪಿಸಿದ ಮೇಲೆ ಡಿಸೆಂಬರ್ 3ರಂದು ಅದನ್ನು ಹಿಂತೆಗೆದುಕೊಂಡರು. ಆ ಆ್ಯಪಿನಿಂದ ಉಪಯೋಗವಿಲ್ಲವೆಂದಲ್ಲ. ಕಳೆದುಹೋದ ಫೋನನ್ನು ಅದರಿಂದ ಮುಚ್ಚಿಸಬಹುದು; ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂದು ನೋಡಬಹುದು. ಬೇಕಾದವನು ತಾನೇ ಹಾಕಿಕೊಳ್ಳಲಿ. ಕಾವಲುಗಾರ ಬಾಗಿಲ ಹೊರಗೆ ನಿಂತರೆ ಚೆಂದ.

ಆದುದರಿಂದ ನಾವು ಸರಕಾರವನ್ನು ಕೇಳುವುದಿಷ್ಟು. ವಂಚನೆಯ ದೂರು ಕೊಡುವ 1930 ಸಂಖ್ಯೆಗೆ ದೇಶದ ಯಾವ ಮೂಲೆಯಿಂದ ಕರೆದರೂ, ಕರೆದವನ ಭಾಷೆಯಲ್ಲಿ ಉತ್ತರ ಸಿಗಬೇಕು. ಗಾಬರಿಯಲ್ಲಿರುವ ಮನುಷ್ಯ ಹಿಂದಿಯನ್ನು ಹುಡುಕುತ್ತಾ ಕೂತರೆ ಹಣ ಅಷ್ಟರಲ್ಲಿ ನಾಲ್ಕು ಖಾತೆ ದಾಟಿರುತ್ತದೆ. ತಡೆಬಿದ್ದ ಖಾತೆಯ ಅರ್ಜಿಯನ್ನು ಕಾರ್ಮಿಕ ತಾನಿರುವ ಊರಿನ ಠಾಣೆಯಲ್ಲಿಯೇ ಕೊಡುವಂತಾಗಬೇಕು. ಅದು ಗೊತ್ತಾದ ದಿನಗಳೊಳಗೆ ತೀರ್ಮಾನವಾಗಬೇಕು. ಬ್ಯಾಂಕಿನ ಎಚ್ಚರಿಕೆಯ ಸಂದೇಶಗಳು ಕನ್ನಡದಲ್ಲಿಯೂ ಬರಬೇಕು. ಧಣಿಗಳನ್ನು ಕೇಳುವುದು ಒಂದೇ: ಕೆಲಸಗಾರನ ಆಧಾರ್ ನಕಲನ್ನು ಗಲ್ಲಾದ ಮೇಲೆ ಹರಡಿ ಇಡಬೇಡಿ, ಬೀಗದೊಳಗಿಡಿ.

ನಮ್ಮವರಿಗೂ ನಾಲ್ಕು ಮಾತು. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ರೇಡಿಯೋದಲ್ಲಿ ಇದನ್ನು ಹೇಳಿದರು. ಪೊಲೀಸ್ ವೇಷದವನು ವಿಡಿಯೋದಲ್ಲಿ ಗದರಿಸಿದರೆ ಫೋನಿಟ್ಟುಬಿಡಿ. ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಹೋಗುವುದಕ್ಕೆ ಮಾತ್ರ ಒತ್ತಬೇಕು. ಅಪರಿಚಿತನಿಗೆ ನಗದು ಕೊಟ್ಟು ಫೋನಿನಲ್ಲಿ ಪಡೆಯಬೇಡಿ. ಹಣ ಹೋದದ್ದು ತಿಳಿದ ಗಳಿಗೆಯಲ್ಲೇ 1930ಕ್ಕೂ ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಆದೇಶದಂತೆ, ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ಹೋದ ಹಣದ ವಿಷಯವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ನಷ್ಟ ಬೀಳಬಾರದು. ಆದರೆ ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟವನಿಗೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟಕ್ಕೆ ಆ ರಕ್ಷಣೆಯಿಲ್ಲ. ನಾಚಿಕೆಪಟ್ಟು ಸುಮ್ಮನಿರುವವನೇ ಕಳ್ಳನಿಗೆ ದೊಡ್ಡ ಉಪಕಾರಿ.

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವುದರೊಳಗೆ ನಮಗೆ ಸಿಗುವ ಬಿಡುವು ಎರಡು ಗಂಟೆ. ಇನ್ನು ಮುಂದೆ ಪ್ರತಿ ಮಂಗಳವಾರ ಮೂರರಿಂದ ಐದರವರೆಗೆ ಸಂಘದ ಕೋಣೆಯಲ್ಲಿ ಫೋನಿನ ಪಾಠ ನಡೆಯುವುದು. ಓದಿದವರು ಓದದವರಿಗೆ ಕಲಿಸಲಿ. ಹಿಂದೆ ರಾತ್ರಿಶಾಲೆಯಲ್ಲಿ ಸ್ಲೇಟು ಹಿಡಿದ ಕೈಗಳ ಮಕ್ಕಳು ನಾವು; ಇದನ್ನೂ ಕಲಿಯಬಲ್ಲೆವು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಪಾಲಿಗೆ ನಿಜವಾಗದಿರಲಿ. ಮಂತ್ರಿಗಳು ಕೋಟೆಯನ್ನು ಕಾಯಲಿ; ನಮ್ಮ ಓಣಿಯನ್ನು ನಾವು ಕಾಯೋಣ. ಓಣಿಯ ಕೂಗು ಕೋಟೆಗೆ ಕೇಳುವ ತನಕ ಕೂಗುತ್ತಲೇ ಇರೋಣ.