ಮಾತ್ರೆಯ ‘ವಿಷ’ವನ್ನು ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತೆಗೆಯುತ್ತದೆಯೇ?

ಬಿಪಿ, ಶುಗರ್, ಹಾರ್ಟ್ ಮಾತ್ರೆ ನುಂಗುವವರು ಜೊತೆಗೊಂದು ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಮಾತ್ರೆಯ ವಿಷ ಲಿವರ್‌ನಲ್ಲಿ ಕೂತುಬಿಡುತ್ತದೆ ಎನ್ನುವ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ನನಗೆ ಇದನ್ನು ಫಾರ್ವರ್ಡ್ ಮಾಡಿದವರು ಹೊಳೆನರಸೀಪುರದ ನಮ್ಮ ದೊಡ್ಡಮ್ಮ. ಕೊಲೆಸ್ಟ್ರಾಲ್‌ಗೆ ಮಾತ್ರೆ ಶುರುವಾದ ಮೇಲೆ ಅವರಿಗೆ ಕಾಲಿನ ಸ್ನಾಯು ನೋವು. ಹಾಗಾಗಿ ಸಂದೇಶ ನಿಜ ಎನಿಸಿದೆ.

ಹಾಸನ ಜಿಲ್ಲೆಯಲ್ಲಿ ಇಂಥ ಸಂದೇಶಕ್ಕೆ ಬೆಲೆ ಬರಲು ಕಾರಣವಿದೆ. 2025ರ ಮೇ-ಜೂನ್‌ನಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಬಂದಾಗ ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವಲ್ಲ, ಅಸಹಜ ಏರಿಕೆ ಕಂಡಿಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ವರದಿ ಎಷ್ಟು ಜನರಿಗೆ ತಲುಪಿತೋ ಏನೋ, ಭಯವಂತೂ ಎಲ್ಲರಿಗೂ ತಲುಪಿತ್ತು. ಭಯ ಇದ್ದಲ್ಲಿ ಕ್ಯಾಪ್ಸೂಲ್ ಮಾರುವುದು ಸುಲಭ.

ಈ ಸಂದೇಶ ಪೂರ್ತಿ ಸುಳ್ಳೇ? ಅಲ್ಲ. ಕೆಲವು ಔಷಧಗಳು ದೇಹದಲ್ಲಿ ಒಡೆಯುವಾಗ ಜೀವಕೋಶಕ್ಕೆ ಹಾನಿ ಮಾಡುವ ವಸ್ತುಗಳು ಹುಟ್ಟುತ್ತವೆ. ಪ್ಯಾರಾಸಿಟಮಾಲ್ ನೋಡಿ. ಅದರ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗುತ್ತದೆ. ಅದನ್ನು ಲಿವರ್‌ನಲ್ಲೇ ಇರುವ ಗ್ಲುಟಾಥಯೋನ್ ಎಂಬ ಆ್ಯಂಟಿಆಕ್ಸಿಡೆಂಟ್ ನಿಷ್ಕ್ರಿಯಗೊಳಿಸುತ್ತದೆ. ಒಮ್ಮೆಲೇ ತುಂಬಾ ಮಾತ್ರೆ ನುಂಗಿದರೆ ಗ್ಲುಟಾಥಯೋನ್ ಖಾಲಿಯಾಗಿ ಲಿವರ್ ಸಾಯತೊಡಗುತ್ತದೆ. ಆಗ ಆಸ್ಪತ್ರೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಡುತ್ತಾರೆ. ಅದು ಗ್ಲುಟಾಥಯೋನನ್ನು ಮತ್ತೆ ತುಂಬಿಸುತ್ತದೆ. 8 ಗಂಟೆಯೊಳಗೆ ಕೊಟ್ಟರೆ ಪರಿಣಾಮ ತುಂಬಾ ಚೆನ್ನಾಗಿರುತ್ತದೆ. ತಡವಾದರೂ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಇದು ಒಂದು ನಿರ್ದಿಷ್ಟ ವಿಷಕ್ಕೆ, ಲೆಕ್ಕ ಹಾಕಿದ ಪ್ರಮಾಣದಲ್ಲಿ ಕೊಡುವ ಮದ್ದು. ಇದನ್ನು ತೋರಿಸಿ ‘ಎಲ್ಲ ಮಾತ್ರೆಗೂ ಒಂದೇ ಕ್ಯಾಪ್ಸೂಲ್’ ಎನ್ನುವುದು, ಒಂದು ಬೀಗದ ಕೈಯಿಂದ ಊರಿನ ಎಲ್ಲ ಮನೆ ತೆರೆಯುತ್ತೇನೆ ಎಂದಂತೆ.

ದೊಡ್ಡಮ್ಮನ ವಿಷಯಕ್ಕೆ ಬರೋಣ. ಹೃದ್ರೋಗಿಗಳಿಗೆ ಕೊಲೆಸ್ಟ್ರಾಲ್ ಮಾತ್ರೆಯ ಜೊತೆ ಆ್ಯಂಟಿಆಕ್ಸಿಡೆಂಟ್ ಕೊಟ್ಟೇ ನೋಡಿದ್ದಾರೆ. 2001ರಲ್ಲಿ ಪ್ರಕಟವಾದ, 160 ರೋಗಿಗಳ ಅಧ್ಯಯನದಲ್ಲಿ ಕೆಲವರಿಗೆ ಸಿಮ್ವಾಸ್ಟಾಟಿನ್ ಮತ್ತು ನಯಾಸಿನ್, ಇನ್ನು ಕೆಲವರಿಗೆ ಅವುಗಳ ಜೊತೆಗೆ ವಿಟಮಿನ್ ಇ, ವಿಟಮಿನ್ ಸಿ, ಬೀಟಾ ಕೆರೋಟಿನ್, ಸೆಲೆನಿಯಂ. ಮೂರು ವರ್ಷದ ನಂತರ, ಬರೀ ಔಷಧ ತೆಗೆದುಕೊಂಡವರ ರಕ್ತನಾಳದ ಅಡಚಣೆ ಸರಾಸರಿ ಸ್ವಲ್ಪ ಕಡಿಮೆಯಾಗಿತ್ತು. ವಿಟಮಿನ್ ಸೇರಿಸಿಕೊಂಡವರಲ್ಲಿ ಸ್ವಲ್ಪ ಹೆಚ್ಚಾಗಿತ್ತು. ಸಹಾಯಕ್ಕೆಂದು ಸೇರಿಸಿದ್ದು ಔಷಧದ ಲಾಭವನ್ನೇ ತಗ್ಗಿಸಿದಂತಿತ್ತು. ಇದು ಚಿಕ್ಕ ಅಧ್ಯಯನ, ನಿಜ. ಮರುವರ್ಷ ಪ್ರಕಟವಾದ, ಬ್ರಿಟನ್ನಿನಲ್ಲಿ 20,536 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅಂಥ ವಿಟಮಿನ್‌ಗಳಿಂದ ಹಾನಿ ಕಾಣಲಿಲ್ಲ. ಲಾಭವೂ ಕಾಣಲಿಲ್ಲ.

ಹೊಗೆಸೊಪ್ಪಿನ ಸಂಗತಿ ಬೇರೆ. ಅರಕಲಗೂಡು ತಾಲ್ಲೂಕಿನವರಿಗೆ ತಂಬಾಕನ್ನು ಪರಿಚಯಿಸಬೇಕಿಲ್ಲ, ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಬೀಡಿ, ಸಿಗರೇಟು ಸೇದುವವರು ‘ಶ್ವಾಸಕೋಶ ಕ್ಲೀನ್ ಆಗಲಿ’ ಎಂದು ಬೀಟಾ ಕೆರೋಟಿನ್ ಕ್ಯಾಪ್ಸೂಲ್ ನುಂಗುವ ಮುನ್ನ ಇದನ್ನು ಓದಬೇಕು. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚು ಕಂಡುಬಂತು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇನ್ನೂ ಹುಷಾರಾಗಿರಬೇಕು. ರೇಡಿಯೇಷನ್ ಮತ್ತು ಕೆಲವು ಕೀಮೋ ಔಷಧಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವುದೇ ಇಂಥ ಆಕ್ಸಿಡೀಕರಣದ ಹಾನಿಯ ಮೂಲಕ. ನೀವು ನುಂಗಿದ ಕ್ಯಾಪ್ಸೂಲಿಗೆ ಯಾವುದು ಒಳ್ಳೆಯ ಕೋಶ, ಯಾವುದು ಕೆಟ್ಟ ಕೋಶ ಎಂದು ಗೊತ್ತಾಗುವುದಿಲ್ಲ. ಕೆನಡಾದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿದ್ದ 540 ಜನರ ಪ್ರಯೋಗದಲ್ಲಿ ವಿಟಮಿನ್ ಇ ಮತ್ತು ಬೀಟಾ ಕೆರೋಟಿನ್ ಒಟ್ಟಿಗೆ ಪಡೆದವರಿಗೆ ತೀವ್ರ ಅಡ್ಡಪರಿಣಾಮ ಕಡಿಮೆಯಾಗಿತ್ತು. ಫಾರ್ವರ್ಡ್ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ವರ್ಷಗಳ ಲೆಕ್ಕದಲ್ಲಿ ವಿಟಮಿನ್ ಇ ಪಡೆದ ಗುಂಪಿನಲ್ಲಿ ಸಾವು ಹೆಚ್ಚಿತ್ತು.

‘ನ್ಯಾಚುರಲ್’ ಎಂದು ಬರೆದಿದ್ದರೂ ಅಷ್ಟೇ. ಸಾರಿಗೆ ಹಾಕುವ ಅರಿಶಿನಕ್ಕೂ, ಮೆಣಸಿನ ಸತ್ವ ಸೇರಿಸಿದ ಗಟ್ಟಿ ಅರಿಶಿನ ಕ್ಯಾಪ್ಸೂಲಿಗೂ ಹೋಲಿಕೆಯಿಲ್ಲ. ಎರಡನೆಯದರಿಂದ ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ದಾಖಲಾಗಿವೆ. ಲಿವರ್ ಉಳಿಸಲೆಂದು ನುಂಗಿದ್ದು ಲಿವರನ್ನೇ ಕೆಡಿಸುವುದು ಎಂಥ ವ್ಯಂಗ್ಯ! ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಹೆಚ್ಚು ಪ್ರಮಾಣದ ವಿಟಮಿನ್ ಇ ತೆಗೆದುಕೊಂಡರೆ ರಕ್ತಸ್ರಾವದ ಅಪಾಯವಿದೆ.

ಊಟದಲ್ಲಿ ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪು ಧಾರಾಳವಾಗಿ ತಿನ್ನಿ. (ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಸೊಪ್ಪಿನ ಪ್ರಮಾಣ ದಿಢೀರನೆ ಬದಲಾಯಿಸಬಾರದು.)

ದೊಡ್ಡಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ, “ಹಂಗಾದ್ರೆ ಕಾಲು ನೋವಿಗೆ ಏನ್ ಮಾಡ್ಲವ್ವಾ?” ಎಂದರು. ನ್ಯಾಯವಾದ ಪ್ರಶ್ನೆ. ಸ್ಟಾಟಿನ್‌ನಿಂದ ಸ್ನಾಯು ನೋವು ಬರಬಹುದು ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ದೊಡ್ಡಮ್ಮ ಮುಂದಿನ ವಾರ ಮಾತ್ರೆ, ಕ್ಯಾಪ್ಸೂಲ್ ಎರಡೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಮಾತ್ರೆಯ ಡೋಸ್ ಬದಲಾಯಿತು. ಕ್ಯಾಪ್ಸೂಲ್ ಡಬ್ಬಿ ಇನ್ನೂ ಅರ್ಧ ತುಂಬಿದ್ದಂತೆಯೇ ಕಿಟಕಿಯ ಮೇಲಿದೆ.